ಅಡುಗೆ ಕಟ್ಟೆ ಯಾರ ಅಳತೆಗೆ?

ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆ ಹೊಸ ಮನೆಯ ಕೆಲಸ ಮುಗಿಯುತ್ತಾ ಬಂದಾಗ ಅಡುಗೆಮನೆಯ ಮಾತು ಶುರುವಾಗುತ್ತದೆ. ಬಡಗಿ ಟೇಪು ಹಿಡಿದು ಗೋಡೆ ಅಳೆಯುತ್ತಾನೆ. ಯಜಮಾನರು ಲ್ಯಾಮಿನೇಟಿನ ಬಣ್ಣ ಆರಿಸುತ್ತಾರೆ. ಆ ಕಟ್ಟೆಯ ಮುಂದೆ ದಿನಾ ಗಂಟೆಗಟ್ಟಲೆ ನಿಲ್ಲಬೇಕಾದವಳು ಆಗ ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸುತ್ತಿರುತ್ತಾಳೆ! ಅವಳ ಎತ್ತರವೆಷ್ಟು ಎಂದು ಯಾರೂ ಕೇಳುವುದಿಲ್ಲ.

ಸಿದ್ಧ ಪೆಟ್ಟಿಗೆಗಳನ್ನು ತಂದು ಜೋಡಿಸುವ ಅಡುಗೆಮನೆಯೂ ಈಗ ಸುಲಭ. ಜಯನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ನಾಗಸಂದ್ರ. ಅಲ್ಲಿ 2022ರಲ್ಲಿ ಐಕಿಯಾ ಮಳಿಗೆ ತೆರೆಯಿತು. ಅದನ್ನು ಕೆಟ್ಟದ್ದೆನ್ನಲಾರೆ. ಆದರೆ ಆ ಪೆಟ್ಟಿಗೆಗಳಿಗೆ ಗೊತ್ತುಪಡಿಸಿದ ಅಳತೆಗಳಿವೆ. ಇಂಥ ಅಡುಗೆಮನೆಗಳ ಮೂಲ 1926ರ ಜರ್ಮನಿಯ ಫ್ರಾಂಕ್‌ಫರ್ಟ್ ನಗರ. ಸುಮಾರು ಹತ್ತು ಸಾವಿರ ಮನೆಗಳಿಗೆ ಹಾಕಿದ ಆ ಅಡುಗೆಮನೆಯನ್ನು ರೂಪಿಸಿದವರು ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳೆ. ಹೆಜ್ಜೆ ಎಣಿಸಿ, ಸಮಯ ಅಳೆದು ನಕ್ಷೆ ಬರೆದರು. ತಾನು ಅದುವರೆಗೆ ಅಡುಗೆಯನ್ನೇ ಮಾಡಿರಲಿಲ್ಲವೆಂದು ಮುಂದೆ ಅವರೇ ಹೇಳಿಕೊಂಡರು!

ಕೈಕೆಲಸದ ಬಡಗಿಯಿಂದ ಮಾಡಿಸುವುದರ ದೊಡ್ಡ ಲಾಭವೇ ನಮ್ಮ ಅಳತೆ. ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಮೊಣಕೈ ಮಡಚಿ. ಮೊಣಕೈಯಿಂದ 4-5 ಅಂಗುಲ ಕೆಳಗೆ ಕಟ್ಟೆಯ ಮೇಲ್ಮೈ ಬರಬೇಕು, ಕಲ್ಲಿನ ದಪ್ಪವೂ ಸೇರಿ. 5 ಅಡಿ ಎತ್ತರದ ಹೆಣ್ಣಿಗೆ ಅದು ಸುಮಾರು 33 ಅಂಗುಲ. ಯುರೋಪಿನ ರೂಢಿ 36ರ ಆಸುಪಾಸು. ಅತ್ತೆಯ ಅಳತೆಯೋ ಸೊಸೆಯ ಅಳತೆಯೋ ಎಂಬ ಜಗಳ ಬೇಡ, ಹೆಚ್ಚು ಹೊತ್ತು ನಿಲ್ಲುವವರದ್ದು ಸಾಕು.

ಇನ್ನು ಒಲೆಯ ಜಾಗ. ಕಟ್ಟೆಯ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಬಿರಿಯಾನಿಯ ದೇಗ್ಚಿ ಇಟ್ಟರೆ ಸೌಟು ತಿರುಗಿಸುವಾಗ ಕೈ ಹೆಗಲವರೆಗೆ ಏಳುತ್ತದೆ. ವರ್ಷಗಟ್ಟಲೆ ಹೀಗೆ ದುಡಿದ ಹೆಗಲು ನೋಯದೆ ಇರುತ್ತದೆಯೇ? ಒಲೆಯಿಡುವ ಭಾಗವನ್ನು 3-4 ಅಂಗುಲ ತಗ್ಗಿಸಿದರಾಯಿತು. ರೊಟ್ಟಿ ಲಟ್ಟಿಸಲೂ ಆ ತಗ್ಗು ಅನುಕೂಲ. ಇದನ್ನು ಗಾರೆಯವರು ಗ್ರಾನೈಟ್ ಹಾಸುವ ಮೊದಲೇ ಹೇಳಬೇಕು. ಕಲ್ಲು ಕೂತ ಮೇಲೆ ಬಡಗಿ ಏನೂ ಮಾಡಲಾರ. ದೇಗ್ಚಿಗಳಿಗೆ ಮೇಲಿನ ಕಪಾಟು ಬೇಡ, ಕೆಳಗೆ ಆಳವಾದ ಡ್ರಾಯರ್ ಇರಲಿ.

ಸಿಂಕಿನ ಕೆಳಗೆ ಐ.ಎಸ್. 710 ಗುರುತಿನ ಪ್ಲೈವುಡ್ಡನ್ನೇ ಹಾಕಿಸಿ. ಅದರ ಅಂಟು ಕುದಿಯುವ ನೀರಿಗೂ ಬಿಡದು. ಅಗ್ಗದ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತದೆ.

ಸಾಲದ ವ್ಯವಹಾರವನ್ನು ಬರೆದಿಡಿರೆಂಬ ಅಲ್ ಬಕರದ 282ನೇ ಸೂಕ್ತ ನಮ್ಮ ಮನೆಗಳಲ್ಲಿ ಅಪರಿಚಿತವಲ್ಲ. ಬಡಗಿಗೆ ಮುಂಗಡ ಕೊಡುವಾಗ ಮಾತ್ರ ಅದು ನೆನಪಾಗುವುದಿಲ್ಲ. ಚದರಡಿಯ ದರ, ಅದರಲ್ಲಿ ಸಾಮಾನು ಸೇರಿದೆಯೋ ಕೂಲಿ ಮಾತ್ರವೋ, ಕಟ್ಟೆಯ ಎರಡು ಎತ್ತರಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅರ್ಧ ಕೆಲಸವಾದ ಮೇಲೆ ನಿಮ್ಮ ಮನಸ್ಸು ಬದಲಾಗಿ ಬಾಗಿಲು ಬಿಚ್ಚಿಸಿದರೆ ಆ ದಿನದ ಕೂಲಿ ಬೇರೆ ಕೊಡಬೇಕು, ಅದನ್ನೂ ಬರೆಯಿರಿ.