ದೊಡ್ಡಕ್ಕ ಬರೆಸಿದ ಕಾಗದ



ಕಳೆದ ವಾರ ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ನೆರೆಮನೆಯ ದೊಡ್ಡಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ತೋಟದ ದಾರಿಯಲ್ಲಿ ಬಂದರು. ನಮ್ಮ ಆಲೆಟ್ಟಿಯಲ್ಲಿ ನಿವೃತ್ತ ಮಾಸ್ಟ್ರಿಗೆ ಉಳಿಯುವ ಕೆಲಸವೆಂದರೆ ಊರವರ ಅರ್ಜಿ ಬರೆದು ಕೊಡುವುದು. ಪಹಣಿಗೋ ಪಿಂಚಣಿಗೋ ಇರಬೇಕು ಎಂದುಕೊಂಡೆ.

"ಮಾಸ್ಟ್ರೇ, ಒಂದು ಕಾಗದ ಬರೆಯಲಿಕ್ಕುಂಟು. ಜರ್ಮನಿಗೆ" ಎಂದರು ದೊಡ್ಡಕ್ಕ.

ಅವರ ಮಗ-ಸೊಸೆ ಜರ್ಮನಿಯಲ್ಲಿದ್ದಾರೆ. ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಾಗಲಿಲ್ಲ. ಈಗ ನಮ್ಮ ದೇಶದಿಂದಲೇ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಹೊರಟಿದ್ದಾರೆ. ಅದಕ್ಕಾಗಿ ಅಲ್ಲಿನ ಸಮಾಜ ಕಾರ್ಯಕರ್ತೆಯೊಬ್ಬರು ಅವರ ಮನೆಗೆ ಬಂದು ಎಲ್ಲವನ್ನೂ ವಿಚಾರಿಸುತ್ತಿದ್ದಾರಂತೆ. ಊರಿನಲ್ಲಿರುವ ತಾಯಿಯ ಅಭಿಪ್ರಾಯವೂ ಬೇಕು ಎಂದಿದ್ದಾರೆ.

"ನನ್ನ ಅಭಿಪ್ರಾಯ ಜರ್ಮನಿಯವರಿಗೆ ಯಾಕೆ?" ದೊಡ್ಡಕ್ಕನಿಗೆ ಅದೇ ಬೇಸರ.

ಆರನೇ ಕ್ಲಾಸಿನ ಮೊಮ್ಮಗಳಿಗೆ ಬೇರೆಯೇ ಸಂಶಯ. "ಮಾಸ್ಟ್ರಜ್ಜ, ಮಾವನಿಗೆ ಮಗು ಬೇಕು. ಮಗುವಿಗೆ ಅಪ್ಪ-ಅಮ್ಮ ಬೇಕು. ಮತ್ತೆ ವರ್ಷಗಟ್ಟಲೆ ಕಾಯುವುದು ಎಂತಕ್ಕೆ?"

ಆಗ ದೊಡ್ಡಕ್ಕ ಸ್ವರ ತಗ್ಗಿಸಿದರು. "ಪೇಟೆಯಲ್ಲಿ ಒಬ್ಬರು ಹೇಳಿದರು ಮಾಸ್ಟ್ರೇ, ಅಷ್ಟೆಲ್ಲ ಕಾಯುವುದು ಬೇಡ ಅಂತ. ಹುಟ್ಟಿದ ಕೂಸನ್ನೇ ಕೊಡಿಸುತ್ತಾರಂತೆ. ಜನನ ಪತ್ರದಲ್ಲಿ ನನ್ನ ಮಗ-ಸೊಸೆಯ ಹೆಸರೇ ಬರುತ್ತದಂತೆ. ಸ್ವಲ್ಪ ಖರ್ಚು ಉಂಟು. ಹಾಗೆ ಮಾಡಿದರೆ ಆಗುವುದಿಲ್ಲವಾ?"

ನನ್ನ ಕೈಯ ಹಲುಬೆ ಅಲ್ಲಿಯೇ ನಿಂತಿತು. "ದೊಡ್ಡಕ್ಕ, ಜಗಲಿಗೆ ಬನ್ನಿ. ಮೊದಲು ಇದನ್ನು ಮಾತಾಡುವ, ಕಾಗದ ಆಮೇಲೆ" ಎಂದೆ.

ಆ ದಿನ ಅವರಿಬ್ಬರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹಣ ಕೊಟ್ಟು ಮಗುವನ್ನು ತರುವುದಕ್ಕೆ ದತ್ತು ಎಂಬ ಹೆಸರಿಲ್ಲ. ಅದು ಮಾರಾಟ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಅದರಲ್ಲಿ ಸೇರಿದ್ದರೆ ಶಿಕ್ಷೆ 7 ವರ್ಷದವರೆಗೆ ಹೋಗಬಹುದು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದುಂಟು. ಆ ಕೂಸಿನ ಹೆತ್ತಮ್ಮ ಮನಸ್ಸಿನಿಂದ ಕೊಟ್ಟಳೋ, ಯಾರಾದರೂ ಹೆದರಿಸಿ ಕಿತ್ತುಕೊಂಡರೋ, ಮಗು ಸತ್ತಿತು ಎಂದು ಅವಳಿಗೆ ಸುಳ್ಳು ಹೇಳಿದರೋ, ನಮಗೆ ಗೊತ್ತಾಗುವ ದಾರಿಯೇ ಇಲ್ಲ.

"ಅಯ್ಯೋ" ಎಂದರು ದೊಡ್ಡಕ್ಕ. ಅವರೂ ಹೆತ್ತವರಲ್ಲವೇ?

ಹಿಂದೆ ಇಂಥ ಕೆಲಸಗಳು ಬಹಳ ನಡೆದಿವೆ. ಭಾರತದ ಮಕ್ಕಳನ್ನು ಹೊರದೇಶಗಳಿಗೆ ದತ್ತು ಕೊಡುವುದರಲ್ಲಿ ಅವ್ಯವಹಾರ ಆಗುತ್ತಿದೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1984ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟು, ಹೊರದೇಶಕ್ಕೆ ದತ್ತು ಹೋಗುವ ಮಗುವಿಗೆ ಏನೆಲ್ಲ ರಕ್ಷಣೆ ಇರಬೇಕು ಎಂದು ಸೂಚಿಸಿದರು. 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಹುಟ್ಟಿತು. ಅದನ್ನು ಚಿಕ್ಕದಾಗಿ 'ಕಾರಾ' ಎನ್ನುತ್ತಾರೆ. 1993ರಲ್ಲಿ ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 2003ರಲ್ಲಿ ಅದಕ್ಕೆ ಸೇರಿತು. ಜರ್ಮನಿಯೂ ಅದರಲ್ಲಿದೆ. ದೇಶದಿಂದ ದೇಶಕ್ಕೆ ದತ್ತು ಹೋಗುವಾಗ ಎರಡೂ ಕಡೆಯ ಸರಕಾರದ ಒಪ್ಪಿಗೆ ಬೇಕು, ಮಗುವನ್ನು ಇಟ್ಟು ಯಾರೂ ಲಾಭ ಮಾಡಬಾರದು ಎಂಬುದು ಅದರ ತಿರುಳು.

"ಒಂದು ಕಾಗದದಿಂದ ಇಷ್ಟೆಲ್ಲ ಆಯಿತಾ?" ಎಂದಳು ಮೊಮ್ಮಗಳು.

"ಹೌದು ಮಗಾ. ಅದಕ್ಕೇ ಅಜ್ಜಿಯ ಕಾಗದವನ್ನೂ ಸರಿಯಾಗಿ ಬರೆಯಬೇಕು."

ಇನ್ನು ಕಾಯುವುದು ಯಾಕೆ ಎಂಬ ಅವಳ ಪ್ರಶ್ನೆ. ಮೊದಲ ಕಾಯುವಿಕೆ ಹೆತ್ತವರಿಗಾಗಿ. ಸಾಕಲಾರದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಒಪ್ಪಿಸಿದ ಮೇಲೆ ಮನಸ್ಸು ಬದಲಾಯಿಸಲು ಅವಳಿಗೆ 60 ದಿನ ಸಮಯವುಂಟು. ಎಲ್ಲಿಯೋ ಸಿಕ್ಕಿದ ಮಗುವಾದರೆ ಪತ್ರಿಕೆಯಲ್ಲಿ ಫೋಟೋ ಹಾಕಿ ಮನೆಯವರನ್ನು ಹುಡುಕುತ್ತಾರೆ. ಯಾರೂ ಸಿಗದಿದ್ದರೆ ಮಾತ್ರ ಈ ಮಗುವನ್ನು ದತ್ತು ಕೊಡಬಹುದು ಎಂದು ಸಮಿತಿ ಹೇಳುತ್ತದೆ. 2 ವರ್ಷದೊಳಗಿನ ಮಗುವಿಗೆ 2 ತಿಂಗಳು, ದೊಡ್ಡ ಮಗುವಿಗೆ 4 ತಿಂಗಳು ಇದಕ್ಕೆ ಇಟ್ಟ ಅವಧಿ.

ಎರಡನೆಯದು ಸರದಿ. ಮಗುವಿಗೆ ಆದಷ್ಟು ನಮ್ಮ ದೇಶದವರೇ ಅಪ್ಪ-ಅಮ್ಮ ಆಗಲಿ ಎಂಬುದು ನಿಯಮ. ಭಾರತದ ಪೌರರಾಗಿಯೇ ಉಳಿದು ಹೊರದೇಶದಲ್ಲಿ ಇರುವವರಿಗೂ ಇಲ್ಲಿಯವರಷ್ಟೇ ಆದ್ಯತೆ. ದೊಡ್ಡಕ್ಕನ ಮಗನ ಪಾಸ್‌ಪೋರ್ಟ್ ಈಗಲೂ ಭಾರತದ್ದೇ. ಹಾಗಾಗಿ ಅವನು ನಮ್ಮವರ ಸರದಿಯಲ್ಲೇ ನಿಂತಿದ್ದಾನೆ. ಸರದಿ ಉದ್ದ ಉಂಟು. ಕಾಯುವವರು ಹೆಚ್ಚು, ದತ್ತು ಕೊಡಬಹುದಾದ ಮಕ್ಕಳು ಕಡಿಮೆ.

ಮೂರನೆಯದು ತಂದೆ-ತಾಯಿ ಆಗುವವರ ಪರೀಕ್ಷೆ. ಹೊರದೇಶದಲ್ಲಿರುವವರು ನೇರವಾಗಿ ಇಲ್ಲಿನ ಆಶ್ರಮಕ್ಕೆ ಬಂದು ಮಗುವನ್ನು ಆರಿಸಿ ಎತ್ತಿಕೊಂಡು ಹೋಗುವಂತಿಲ್ಲ. ಅಲ್ಲಿಯ ಅಧಿಕೃತ ಸಂಸ್ಥೆಯ ಮೂಲಕವೇ ಬರಬೇಕು. ಗಂಡ-ಹೆಂಡಿರಾದರೆ ಇಬ್ಬರೂ ಒಪ್ಪಬೇಕು, ಕನಿಷ್ಠ 2 ವರ್ಷ ಒಟ್ಟಿಗೆ ಸಂಸಾರ ಮಾಡಿರಬೇಕು. ಆರೋಗ್ಯ, ಸಂಪಾದನೆ, ನಡತೆ ಎಲ್ಲವನ್ನೂ ನೋಡುತ್ತಾರೆ. ಒಂಟಿ ಹೆಂಗಸು ಹೆಣ್ಣು ಅಥವಾ ಗಂಡು ಯಾವ ಮಗುವನ್ನಾದರೂ ತೆಗೆದುಕೊಳ್ಳಬಹುದು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ವಯಸ್ಸಿನ ಲೆಕ್ಕವೂ ಉಂಟು. ಗಂಡ-ಹೆಂಡಿರ ವಯಸ್ಸು ಕೂಡಿಸಿದರೆ 2 ವರ್ಷದೊಳಗಿನ ಮಗುವಿಗೆ 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, 8ರಿಂದ 18ಕ್ಕೆ 110. ಮಗುವಿಗೂ ತಂದೆ-ತಾಯಿಯರಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ 25 ವರ್ಷದ ಅಂತರ ಬೇಕು.

"ಮಾವನಿಗೆ 38, ಅತ್ತೆಗೆ 36. 74 ಆಯಿತು, ಸಣ್ಣ ಪಾಪುವೇ ಸಿಗಬಹುದು!" ಎಂದು ಮೊಮ್ಮಗಳು ಕುಣಿದಳು. ನಾನು ಬಿಡಲಿಲ್ಲ. "ಗಂಡನಿಗೆ 47, ಹೆಂಡತಿಗೆ 44 ಆದರೆ?" ಎಂದೆ. ಅವಳು ಬೆರಳು ಮಡಚಿ, "91. ನಾಲ್ಕು ವರ್ಷ ದಾಟಿದ ಮಗುವೇ ಆಗಬೇಕು" ಎಂದಳು. ನೂರಕ್ಕೆ ನೂರು ಅಂಕ ಕೊಟ್ಟೆ.

ಮನೆಗೆ ಬಂದು ವಿಚಾರಿಸಿ ಬರೆಯುವುದನ್ನು ಗೃಹ ಅಧ್ಯಯನ ವರದಿ ಎನ್ನುತ್ತಾರೆ. ಅದರಲ್ಲಿಯೇ ದೊಡ್ಡಕ್ಕನ ಅಭಿಪ್ರಾಯವೂ ಸೇರುವುದು. ಸರದಿ ಬಂದಾಗ ಒಂದು ಮಗುವಿನ ಫೋಟೋ, ಅದರ ಹಿನ್ನೆಲೆ, ಆರೋಗ್ಯದ ವಿವರ ದಂಪತಿಗೆ ಬರುತ್ತದೆ. ಅವರು ಒಪ್ಪಿದರೆ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ದತ್ತು ಆದೇಶವನ್ನು ಮೊದಲು ಕೋರ್ಟು ಕೊಡುತ್ತಿತ್ತು. 2022ರ ಸೆಪ್ಟೆಂಬರ್ 1ರಿಂದ ಮಗು ಇರುವ ಜಿಲ್ಲೆಯ ಜಿಲ್ಲಾಧಿಕಾರಿ ಕೊಡುತ್ತಾರೆ. ಆಮೇಲೆ ಹೊಸ ತಂದೆ-ತಾಯಿಯ ಹೆಸರಿರುವ ಜನನ ಪತ್ರ, ಪಾಸ್‌ಪೋರ್ಟ್, ವೀಸಾ. ಹೇಗ್ ಒಪ್ಪಂದದಂತೆ ದತ್ತು ನಡೆದಿದೆ ಎಂಬ ಪ್ರಮಾಣಪತ್ರವೂ ಸಿಗುತ್ತದೆ. ಮಗುವನ್ನು ಕರೆದುಕೊಂಡು ಹೋಗಲು ತಂದೆ-ತಾಯಿಯೇ ಬರಬೇಕು.

ಅಲ್ಲಿಗೂ ಮುಗಿಯಲಿಲ್ಲ. ಮಗು ಹೇಗಿದೆ ಎಂದು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಅಲ್ಲಿಂದ ವರದಿ ಬರಬೇಕು. ಮದುವೆ ಮಾಡಿ ಕೊಟ್ಟ ಮಗಳ ಕ್ಷೇಮವನ್ನು ತವರಿನವರು ಕೇಳುವ ಹಾಗೆ.

"ಮತ್ತೆ ಮಗುವಿನ ಹತ್ತಿರ ಯಾರೂ ಕೇಳುವುದಿಲ್ಲವಾ?" ಎಂದಳು ಮೊಮ್ಮಗಳು. ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಕೇಳುತ್ತಾರೆ. 5 ವರ್ಷ ದಾಟಿದ ಮಗುವಾದರೆ ಅದಕ್ಕೂ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು.

ದೊಡ್ಡಕ್ಕ ಇನ್ನೊಂದು ದಾರಿ ಹುಡುಕಿದರು. "ಕುಟುಂಬದ ಮಗುವನ್ನೇ ಕೊಟ್ಟರೆ? ಹೋಮ ಮಾಡಿ, ಪತ್ರ ರಿಜಿಸ್ಟರ್ ಮಾಡಿಸಿದರೆ ಸಾಕಲ್ಲ?"

ಅನೇಕ ಅಜ್ಜ-ಅಜ್ಜಿಯಂದಿರು ಹೀಗೆ ತಿಳಿದಿದ್ದಾರೆ. ಅದಕ್ಕೇ ಒತ್ತಿ ಹೇಳುತ್ತೇನೆ. ಅಣ್ಣನ ಮಗುವೇ ಇರಲಿ, ತಂಗಿಯ ಮಗುವೇ ಇರಲಿ, ಹೊರದೇಶಕ್ಕೆ ಕರೆದುಕೊಂಡು ಹೋಗುವುದಾದರೆ ಕಾರಾದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಇದರ ತಿರುಗುಮುರುಗೂ ಉಂಟು. ಇಲ್ಲಿರುವ ನಮ್ಮವರು ಹೊರದೇಶದ ಮಗುವನ್ನು ದತ್ತು ತರುವುದಾದರೆ, ಮೊದಲು ಆ ದೇಶದ ಕಾನೂನಿನಂತೆ ಅಲ್ಲಿಯೇ ಎಲ್ಲವನ್ನೂ ಮುಗಿಸಬೇಕು. ಹೇಗ್ ಒಪ್ಪಂದದ ದೇಶವಾದರೆ ಕಾರಾದ ಅನುಮತಿಯೂ ಬೇಕು. ಮಗುವಿನದ್ದು ಆ ದೇಶದ ಪಾಸ್‌ಪೋರ್ಟ್ ಆದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ವೀಸಾ ಮಾಡಿಸಬೇಕು.

"ಎಲ್ಲ ಸರಿ ಮಾಸ್ಟ್ರೇ" ಎಂದರು ದೊಡ್ಡಕ್ಕ. "ಆದರೆ ಇಷ್ಟೆಲ್ಲ ದಾಖಲೆ ಇದ್ದರೆ ಮುಂದೊಂದು ದಿನ ಮಗುವಿಗೆ ಗೊತ್ತಾಗುತ್ತದಲ್ಲ, ತಾನು ಹೆತ್ತ ಮಗು ಅಲ್ಲ ಅಂತ? ಅವರು ಪೇಟೆಯಲ್ಲಿ ಹೇಳಿದ್ದರಲ್ಲಿ ಆ ಹೆದರಿಕೆ ಇರಲಿಲ್ಲ."

ಅವರ ಮನಸ್ಸಿನಲ್ಲಿದ್ದ ಮುಳ್ಳು ಇದೇ ಎಂದು ಆಗ ಗೊತ್ತಾಯಿತು. ನಾನು ಅವರಿಗೆ ಕರ್ಣಪರ್ವದ ತಾಳಮದ್ದಳೆ ನೆನಪು ಮಾಡಿದೆ. ರಾಧೆ ಕರ್ಣನಿಗೆ ಪ್ರೀತಿಯಲ್ಲಿ ಏನು ಕಡಿಮೆ ಮಾಡಿದಳು? ಏನೂ ಇಲ್ಲ. ಕರ್ಣ ಕೊನೆಯವರೆಗೂ ಅವಳನ್ನು ಬಿಟ್ಟುಕೊಡಲಿಲ್ಲ. ಅವನ ದುಃಖ ಸಾಕುಮಗನಾದದ್ದಕ್ಕೆ ಅಲ್ಲ. ಹುಟ್ಟಿನ ಸಂಗತಿ ಯುದ್ಧ ಎದುರಿಗೆ ಬಂದು ನಿಂತಾಗ, ಬೇರೆಯವರ ಬಾಯಿಂದ, ಅವರಿಗೆ ಬೇಕಾದ ಹೊತ್ತಿಗೆ ತಿಳಿಯಿತಲ್ಲ, ಅದಕ್ಕೆ.

ಕರ್ಣನ ಸಂಕಟ ಈಗಿನ ಕಾಲದಲ್ಲಿಯೂ ಉಂಟು. ಹೇಗ್ ನಗರ ಇರುವ ನೆದರ್‌ಲ್ಯಾಂಡ್ಸ್ ದೇಶವೇ 2021ರ ಫೆಬ್ರವರಿಯಲ್ಲಿ ಹೊರದೇಶದ ದತ್ತುಗಳನ್ನು ತಡೆಹಿಡಿಯಿತು. ಹಿಂದಿನ ದಶಕಗಳಲ್ಲಿ ಶ್ರೀಲಂಕಾ, ಇಂಡೋನೇಷ್ಯಾ ಮುಂತಾದ ದೇಶಗಳಿಂದ ಬಂದ ಮಕ್ಕಳ ವಿಚಾರದಲ್ಲಿ ಸುಳ್ಳು ದಾಖಲೆ, ಮಕ್ಕಳ ಮಾರಾಟ ನಡೆದಿತ್ತೆಂದು ತನಿಖೆಯಲ್ಲಿ ಗೊತ್ತಾಗಿತ್ತು. ಆ ಮಕ್ಕಳು ಈಗ ದೊಡ್ಡವರು. ಹೆತ್ತಮ್ಮನನ್ನು ಹುಡುಕಿ ಹೋದರೆ ಕಾಗದದಲ್ಲಿರುವ ಹೆಸರೇ ಸುಳ್ಳು. ಅವರು ಯಾರ ಹತ್ತಿರ ಕೇಳಬೇಕು?

ನಮ್ಮ ನಿಯಮದಲ್ಲಿ ದತ್ತುಹೋದ ಮಗು 18 ದಾಟಿದ ಮೇಲೆ ತಾನೇ, ಅದಕ್ಕೆ ಮೊದಲು ತಂದೆ-ತಾಯಿಯ ಜತೆಗೆ, ತನ್ನ ಮೂಲದ ವಿವರ ಕೇಳಬಹುದು. ಹೆತ್ತವರ ಗುಟ್ಟಿಗೂ ಅಲ್ಲಿ ಬೆಲೆಯುಂಟು, ಎಲ್ಲವೂ ಸಿಗುತ್ತದೆ ಎಂದಲ್ಲ. ಆದರೆ ಕೇಳಲು ಒಂದು ಬಾಗಿಲು ಉಂಟು. ಪೇಟೆಯವರ ದಾರಿಯಲ್ಲಿ ಆ ಬಾಗಿಲೇ ಇಲ್ಲ.

ದೊಡ್ಡಕ್ಕ ಬಹಳ ಹೊತ್ತು ಏನೂ ಹೇಳಲಿಲ್ಲ. ಮೊಮ್ಮಗಳು ಅಜ್ಜಿಯ ಮುಖ ನೋಡುತ್ತಾ ಕುಳಿತಳು. ಆಮೇಲೆ, "ಬರೆಯಿರಿ ಮಾಸ್ಟ್ರೇ" ಎಂದರು. ನಾನು ಕನ್ನಡಕ ಏರಿಸಿಕೊಂಡೆ. ಅವರು ಹೇಳಿದ್ದನ್ನು ಹಾಗೆಯೇ ಬರೆದೆ, ಒಂದು ಅಕ್ಷರವನ್ನೂ ತಿದ್ದಲಿಲ್ಲ. ಅವರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ.

"ಬರುವ ಮಗು ಯಾರದ್ದು ಅಂತ ನಾನು ಮೊದಲು ಕೇಳಿದ್ದೆ. ಇನ್ನು ಕೇಳುವುದಿಲ್ಲ. ಮಗು ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. ತೋಟದಲ್ಲಿ ನನ್ನ ಮೊಮ್ಮಗಳಿಗೆ ಎಷ್ಟು ಹಕ್ಕುಂಟೋ ಅದಕ್ಕೂ ಅಷ್ಟೇ ಉಂಟು. ರಜೆಯಲ್ಲಿ ಕರೆದುಕೊಂಡು ಬನ್ನಿ. ನನಗೆ ಜರ್ಮನಿ ಭಾಷೆ ಬರುವುದಿಲ್ಲ, ಅದಕ್ಕೆ ಸ್ವಲ್ಪ ನಮ್ಮ ಭಾಷೆ ಕಲಿಸಿ."

ಕೆಳಗೆ ದೊಡ್ಡಕ್ಕ ರುಜು ಹಾಕಿದರು. ಪಕ್ಕದಲ್ಲಿ ಮೊಮ್ಮಗಳು ತನ್ನದೂ ಒಂದು ಇರಲಿ ಎಂದು ಹೆಸರು ಬರೆದಳು.

ಮಕ್ಕಳೇ, ನಿಮ್ಮ ಕ್ಲಾಸಿನಲ್ಲಿಯೂ ದತ್ತು ಬಂದ ಗೆಳೆಯರು ಇರಬಹುದು. "ನಿನ್ನ ನಿಜವಾದ ಅಮ್ಮ ಯಾರು?" ಎಂದು ಅವರನ್ನು ಕೇಳಬೇಡಿ. ಮನೆಯಲ್ಲಿ ಬುತ್ತಿ ಕಟ್ಟಿ ಕೊಡುವವಳು ನಿಜವಾದ ಅಮ್ಮನೇ. ಅಜ್ಜ-ಅಜ್ಜಿಯಂದಿರೇ, ನಿಮಗೆ ಇಷ್ಟೇ ಹೇಳುವುದು. ಮಗು ಕೊಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ, ಅಥವಾ ಎಲ್ಲಿಯಾದರೂ ಹೆತ್ತವರಿಲ್ಲದ ಕೂಸು ಕಂಡರೆ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ.

ಮುಂದಿನ ವಾರ ಮತ್ತೆ ಜಗಲಿಯಲ್ಲಿ ಸಿಗುವ.