ಕೋಬ್ರಾ ಬೇಕು, ಅಸಲಿಯೇ ಆಗಬೇಕಿಲ್ಲ

'ಫೋರ್ಡ್ ವರ್ಸಸ್ ಫೆರಾರಿ' ಸಿನಿಮಾ ನೋಡದ ಮೆಕ್ಯಾನಿಕಲ್ ಹುಡುಗ-ಹುಡುಗಿಯರು ಹಾಸ್ಟೆಲ್‌ಗಳಲ್ಲಿ ಸಿಗೋದು ಕಷ್ಟ. 2019ರ ಆ ಸಿನಿಮಾದಲ್ಲಿ ಓಡಿದ ಜಿಟಿ40, ಕೋಬ್ರಾಗಳಲ್ಲಿ ಹೆಚ್ಚಿನವು 1960ರ ದಶಕದ ಕಾರುಗಳಲ್ಲ, ಈಚೆಗೆ ಕಟ್ಟಿದ ರೆಪ್ಲಿಕಾಗಳು. ಇದನ್ನು ಹೇಳಿದ ಕೂಡಲೇ "ಅಯ್ಯೋ, ಹಾಗಾದ್ರೆ ಎಲ್ಲಾ ಡೂಪ್ಲಿಕೇಟಾ?" ಅಂತ ಮುಖ ಸಪ್ಪೆ ಮಾಡಿಕೊಳ್ಳುವವರಿದ್ದಾರೆ. ಅವರ ಜೊತೆ ಜಗಳ ಕಾಯೋಕೆ ಅಂತಲೇ ಈ ಬರಹ. ಅಪರೂಪದ ಹಳೇ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ ಹುಡುಕಿ ಕೊಳ್ಳುವುದು ದುಡ್ಡಿಲ್ಲದವನ ಸಮಾಧಾನ ಅಲ್ಲ, ಎಂಜಿನಿಯರ್ ಆದವರು ಮಾಡಬಹುದಾದ ಜಾಣ ಕೆಲಸ ಅನ್ನೋದು ನಮ್ಮ ವಾದ. ಒಂದು ಷರತ್ತು ಇದೆ, ಅದನ್ನು ಆಮೇಲೆ ಹೇಳ್ತೀವಿ.

ಶೆಲ್ಬಿ ಕೋಬ್ರಾವನ್ನೇ ಉದಾಹರಣೆಗೆ ತಗೊಳ್ಳೋಣ, ಯಾಕಂದ್ರೆ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಕಾರುಗಳಲ್ಲಿ ಅದೂ ಒಂದು. ಕ್ಯಾರಲ್ ಶೆಲ್ಬಿ ಒಂದು ಕಾಲಕ್ಕೆ ಟೆಕ್ಸಸ್‌ನಲ್ಲಿ ಕೋಳಿ ಸಾಕುತ್ತಿದ್ದ ಮನುಷ್ಯ. 1959ರಲ್ಲಿ ಆಸ್ಟನ್ ಮಾರ್ಟಿನ್ ಓಡಿಸಿ ಲೆ ಮಾನ್ಸ್ ಗೆದ್ದ. ಹೃದಯದ ತೊಂದರೆಯಿಂದ ರೇಸ್ ಬಿಡಬೇಕಾಯಿತು. ಅದೇ ಹೊತ್ತಿಗೆ ಇಂಗ್ಲೆಂಡಿನ ಎಸಿ ಎಂಬ ಸಣ್ಣ ಕಂಪನಿಗೆ ಬೇರೆ ಥರದ ಪೇಚು. ಅವರ 'ಏಸ್' ಎಂಬ ಚೆಂದದ ಕಾರಿಗೆ ಬರುತ್ತಿದ್ದ ಬ್ರಿಸ್ಟಲ್ ಎಂಜಿನ್ ನಿಂತುಹೋಗುವುದರಲ್ಲಿತ್ತು. ಶೆಲ್ಬಿ 1961ರಲ್ಲಿ ಅವರಿಗೊಂದು ಕಾಗದ ಬರೆದ: ನಿಮ್ಮ ಕಾರಿಗೆ ಅಮೆರಿಕದ ವಿ8 ಎಂಜಿನ್ ಕೂರಿಸೋಣವೇ? ಫೋರ್ಡ್ ಎಂಜಿನ್ ಕೊಡಲು ಒಪ್ಪಿತು. 1962ರಲ್ಲಿ ಕೋಬ್ರಾ ಹುಟ್ಟಿತು. ಮೊದಲು 260 ಘನ ಇಂಚಿನ ಎಂಜಿನ್, ಆಮೇಲೆ 289, 1965ರಲ್ಲಿ ಏಳು ಲೀಟರಿನ 427. ಆ ಕೊನೆಯದರ ಉಬ್ಬಿದ ಮಡ್‌ಗಾರ್ಡು, ಪಕ್ಕದಿಂದ ಹೊರಬರುವ ಸೈಲೆನ್ಸರ್ ಪೈಪುಗಳೇ ಇವತ್ತು ಪೋಸ್ಟರ್‌ಗಳಲ್ಲಿ ಕಾಣುವ ರೂಪ.

ಇಲ್ಲೊಂದು ವಿಷಯ ಗಮನಿಸಿ. ಕಾರಿನ ಚಾಸಿಸ್ಸು, ಅಲ್ಯೂಮಿನಿಯಂ ಮೈ ತಯಾರಾಗುತ್ತಿದ್ದದ್ದು ಇಂಗ್ಲೆಂಡಿನಲ್ಲಿ. ಎಂಜಿನ್ ಇಲ್ಲದೆ ಅದು ಅಮೆರಿಕಕ್ಕೆ ಬರುತ್ತಿತ್ತು, ಲಾಸ್ ಏಂಜಲೀಸ್‌ನ ಶೆಡ್ಡಿನಲ್ಲಿ ಎಂಜಿನ್, ಗೇರ್‌ಬಾಕ್ಸು ಕೂರಿಸುತ್ತಿದ್ದರು. ಅಂದರೆ ಅಸಲಿ ಕೋಬ್ರಾ ಅನ್ನೋದೇ ಒಂದು ಜೋಡಣೆ. ಒಬ್ಬರ ಮೈ, ಇನ್ನೊಬ್ಬರ ಹೃದಯ, ಮೂರನೆಯವನ ಹಟ. ಇನ್ನೂ ಮಜಾ ಏನಂದ್ರೆ, '427' ಅಂತ ಮಾರಾಟವಾದ ಅಸಲಿ ಕಾರುಗಳಲ್ಲಿ ಕೆಲವಕ್ಕೆ ಕಾರ್ಖಾನೆಯಲ್ಲೇ ಅಗ್ಗದ 428 ಎಂಜಿನ್ ಕೂರಿಸಿದ್ದರು. ಸಂಖ್ಯೆಯಲ್ಲಿ ಒಂದೇ ವ್ಯತ್ಯಾಸ, ಆದರೆ ಅದು ಬೇರೆಯದೇ ಎಂಜಿನ್. ರೇಸಿಗಲ್ಲ, ದೊಡ್ಡ ರಸ್ತೆ ಕಾರುಗಳಿಗೆ ಮಾಡಿದ್ದು.

ಅಂಥ ಕೋಬ್ರಾಗಳು ಒಟ್ಟು ತಯಾರಾದದ್ದು ಸುಮಾರು ಒಂದು ಸಾವಿರ. ಬೆಲೆ ಕೇಳಿದರೆ ತಲೆ ತಿರುಗುತ್ತೆ. ಮೊಟ್ಟಮೊದಲ ಕೋಬ್ರಾ 2016ರ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಸುಮಾರು 90 ಕೋಟಿ ರೂಪಾಯಿ. ಫೆರಾರಿ 250 ಜಿಟಿಓ ಒಂದು 2018ರಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾಯಿತು. ಇಷ್ಟು ದುಡ್ಡು ಕೊಟ್ಟವನು ಮಳೆ ಬಂದಾಗ ಅದನ್ನು ಹೊರಗೆ ತೆಗೀತಾನಾ? ಅದರ ಕ್ಲಚ್ ಸುಡುವವರೆಗೆ ಘಾಟಿ ಹತ್ತಿಸ್ತಾನಾ? ಕಾರು ಗ್ಯಾರೇಜಿನಲ್ಲಿ ಕೂತಲ್ಲೇ ಬಡ್ಡಿ ದುಡಿಯುತ್ತೆ.

ನಮ್ಮ ದೇವಸ್ಥಾನಗಳಲ್ಲಿ ಇದಕ್ಕೊಂದು ಒಳ್ಳೆಯ ಏರ್ಪಾಡಿದೆ. ಮೂಲ ವಿಗ್ರಹ ಗರ್ಭಗುಡಿ ಬಿಟ್ಟು ಅಲ್ಲಾಡಲ್ಲ. ತೇರಿನ ದಿನ ಬೀದಿಗೆ ಬರೋದು ಉತ್ಸವಮೂರ್ತಿ. ಬಿಸಿಲು, ಧೂಳು, ಬಾಳೆಹಣ್ಣಿನ ಏಟು ಎಲ್ಲಾ ಅದಕ್ಕೇ. ಅದನ್ನು ಯಾರಾದ್ರೂ 'ಡೂಪ್ಲಿಕೇಟ್ ದೇವರು' ಅಂದಿದ್ದು ಕೇಳಿದ್ದೀರಾ? ರೆಪ್ಲಿಕಾ ಕಾರನ್ನು ನಾವು ನೋಡುವುದೂ ಹಾಗೇ. ಬೀದಿಯಲ್ಲಿ ಓಡುವ ಕೋಬ್ರಾ ಇದೊಂದೇ.

ಇನ್ನು ಕೊಳ್ಳುವ ಮಾತು. ಅಮೆರಿಕದಲ್ಲಿ ಒಂದು ದಾರಿ ಅಂದರೆ ಡಬ್ಬಿಗಳಲ್ಲಿ ಬರುವ ಕಿಟ್. ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ರೇಸಿಂಗ್ 1995ರಿಂದ ಇದನ್ನು ಮಾಡುತ್ತಿದೆ. ಟ್ಯೂಬುಗಳ ಚಾಸಿಸ್ಸು, ಫೈಬರ್ ಮೈ ಅವರು ಕೊಡ್ತಾರೆ. ಎಂಜಿನ್, ಆಕ್ಸಲ್‌ಗಳನ್ನು ಹಳೇ ಫೋರ್ಡ್ ಮಸ್ಟಾಂಗಿನಿಂದ ಬಿಚ್ಚಿ ಹಾಕಿಕೊಳ್ಳುವುದು ಮೊದಲಿನಿಂದ ನಡೆದು ಬಂದ ಪದ್ಧತಿ. ಇನ್ನೊಂದು ದಾರಿ ಸೂಪರ್‌ಫಾರ್ಮೆನ್ಸ್ ಥರದ್ದು: ದಕ್ಷಿಣ ಆಫ್ರಿಕಾದಲ್ಲಿ ಬಣ್ಣ, ಸೀಟು, ಚಕ್ರ ಎಲ್ಲಾ ಮುಗಿದು, ಎಂಜಿನ್ ಮಾತ್ರ ಇಲ್ಲದೆ ಅಮೆರಿಕಕ್ಕೆ ಬರುತ್ತೆ. ಎಂಜಿನ್ ಅಲ್ಲಿ ಕೂರಿಸಿಕೊಳ್ಳಬೇಕು. 1962ರ ಕಥೆಯೇ ಮತ್ತೆ, ದೇಶ ಮಾತ್ರ ಬೇರೆ.

ಮೂರನೇ ದಾರಿ, ಯಾರೋ ಕಟ್ಟಿದ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದು. ಅಗ್ಗವಾಗಿ ಸಿಗೋದು ಇಲ್ಲೇ, ಕಾಲು ಜಾರೋದೂ ಇಲ್ಲೇ. ಮಾರುತಿ ಸ್ವಿಫ್ಟ್ ಕೊಳ್ಳುವಾಗ ಕಾರ್ಖಾನೆಯ ಕೆಲಸದ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಲ್ಲ, ಎಷ್ಟು ಓಡಿದೆ, ಎಲ್ಲಿ ಗುದ್ದಿದೆ ಅಂತ ನೋಡ್ತೀವಿ. ರೆಪ್ಲಿಕಾದಲ್ಲಿ ಹಾಗಲ್ಲ. ಅಲ್ಲಿ ಕಾರ್ಖಾನೆ ಅಂದರೆ ಒಬ್ಬ ಮನುಷ್ಯ, ಅವನ ಶೆಡ್ಡು, ಅವನ ಭಾನುವಾರಗಳು. ಅವನ ತಾಳ್ಮೆ ಎಷ್ಟಿತ್ತು ಅನ್ನೋದನ್ನೇ ನೀವು ಕೊಳ್ಳುತ್ತಿರೋದು. ಹಾಗಾಗಿ ಮೊದಲು ಮೈ ನೋಡಬೇಡಿ, ಹೊಟ್ಟೆ ನೋಡಿ. ಕಾರನ್ನು ಎತ್ತಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ. ಸಸ್ಪೆನ್ಶನ್ ತೋಳುಗಳು ಚಾಸಿಸ್ಸಿಗೆ ಸೇರುವ ಕಡೆ ವೆಲ್ಡಿಂಗ್ ಹೇಗಿದೆ? ವರ್ಕ್‌ಶಾಪ್ ಲ್ಯಾಬಿನಲ್ಲಿ ಮೊದಲ ದಿನ ನಾವು ಹಾಕಿದ ಗುಬ್ಬಚ್ಚಿ ಗೂಡಿನಂಥ ವೆಲ್ಡ್ ಅಲ್ಲಿ ಕಂಡರೆ ಎದ್ದು ಕೈ ಮುಗಿದು ಬನ್ನಿ. ಪೆಟ್ರೋಲ್ ಪೈಪು ಸೈಲೆನ್ಸರಿನ ಹತ್ತಿರ ಹಾದಿದೆಯಾ? ವೈರುಗಳು ಕ್ಲಿಪ್ಪಿನಲ್ಲಿ ಕೂತಿವೆಯಾ, ಇಲ್ಲಾ ಇನ್ಸುಲೇಶನ್ ಟೇಪಿನಲ್ಲಿ ಸುತ್ತಿ ತುರುಕಿದ್ದಾರಾ? ಟೇಪು ಕಂಡರೆ ಉಳಿದದ್ದೂ ಹಾಗೇ ಇರುತ್ತೆ ಅಂದುಕೊಳ್ಳಿ.

ಆಮೇಲೆ ಓಡಿಸಿ ನೋಡಿ. ಉಬ್ಬು ಹಾಯ್ದಾಗ ಸ್ಟೀರಿಂಗ್ ಹಿಡಿದ ಕೈ ಅಲುಗಾಡದಿದ್ದರೂ ಕಾರು ತಾನಾಗಿ ಪಕ್ಕಕ್ಕೆ ಎಳೆಯಿತೋ, ಅದು ಬಂಪ್ ಸ್ಟಿಯರ್. ಬೇರೆ ಕಾರಿನ ಸ್ಟೀರಿಂಗ್ ರ‍್ಯಾಕನ್ನು ತಪ್ಪು ಎತ್ತರದಲ್ಲಿ ಕೂರಿಸಿದರೆ ಹೀಗಾಗುತ್ತೆ. ಕೆಲವೊಮ್ಮೆ ವಾಶರ್ ಇಟ್ಟು ಸರಿಮಾಡಬಹುದು, ಕೆಲವೊಮ್ಮೆ ಮುಂಭಾಗವನ್ನೇ ಕತ್ತರಿಸಬೇಕು. ಸುಮಾರು ಒಂದು ಟನ್ ತೂಕದ, ನಾನೂರು ಕುದುರೆಶಕ್ತಿಯ, ಎಬಿಎಸ್ಸೂ ಏರ್‌ಬ್ಯಾಗೂ ಇಲ್ಲದ ಗಾಡಿ ಇದು. ಬ್ರೇಕಿನ ಮುಂದು-ಹಿಂದಿನ ಹಂಚಿಕೆ ತಪ್ಪಿದ್ದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಬುಗುರಿಯಾಗುತ್ತೆ. ಎಂಜಿನ್ ಸದ್ದಿಗೆ ಮರುಳಾಗಿ ಚೆಕ್ ಬರೆಯುವವರು ಇದನ್ನೆಲ್ಲಾ ನೋಡುವುದೇ ಇಲ್ಲ. ಬಾಗಿಲ ಮೂಲೆಯಲ್ಲಿ ನಕ್ಷತ್ರದ ಹಾಗೆ ಸಣ್ಣ ಬಿರುಕುಗಳಿದ್ದರೆ ಫೈಬರ್ ಮೈ ಒತ್ತಡದಲ್ಲಿದೆ ಅಂತ ಅರ್ಥ. ಅದೇನೂ ಪ್ರಾಣಕ್ಕೆ ಕುತ್ತಲ್ಲ, ಚೌಕಾಸಿಗೆ ಒಳ್ಳೆಯದು. ಇಳಿಯುವಾಗ ಪಕ್ಕದ ಪೈಪಿಗೆ ಮೀನಖಂಡ ತಾಗಿ ಸುಟ್ಟರೆ ಅದಕ್ಕೆ ಕೋಬ್ರಾ ಮಂದಿ 'ಹಾವು ಕಡಿತ' ಅಂತಾರೆ. ಅಸಲಿಯೂ ಕಚ್ಚುತ್ತೆ, ನಕಲಿಯೂ ಕಚ್ಚುತ್ತೆ.

ಈಗ ಷರತ್ತು. ಕಾರು ತಾನೇನು ಅಂತ ಸುಳ್ಳು ಹೇಳಬಾರದು. ಮೋಸ ಇರೋದು ಆಕಾರದಲ್ಲಲ್ಲ, ಕಾಗದದಲ್ಲಿ. 2005ರಲ್ಲಿ ಕಟ್ಟಿದ ಕಾರಿನ ದಾಖಲೆಯಲ್ಲಿ '1965' ಅಂತ ಬರೆದಿದ್ದರೆ, ಚಾಸಿಸ್ ನಂಬರನ್ನು ಅಸಲಿಯಂತೆ ಕೊರೆದಿದ್ದರೆ, ಎಷ್ಟೇ ಚೆನ್ನಾಗಿದ್ದರೂ ಅದನ್ನು ಮುಟ್ಟಬಾರದು. ಮುಂದೆ ಮಾರುವಾಗ, ವಿಮೆ ಕೇಳುವಾಗ ಸಿಕ್ಕಿಬೀಳುವವರು ನೀವು. ಬ್ರಿಟನ್ನಿನಲ್ಲಿ ವಯಸ್ಸು, ಗುರುತು ಸರಿಯಾಗಿ ಸಾಬೀತಾಗದ ಗಾಡಿಗೆ 'ಕ್ಯೂ' ಅಕ್ಷರದ ನಂಬರ್ ಪ್ಲೇಟ್ ಕೊಡ್ತಾರೆ. ಕೆಲವರಿಗೆ ಅದು ಅವಮಾನ. ನಮಗಂತೂ ಅದು ಬಹಳ ಮರ್ಯಾದಸ್ಥ ಅಕ್ಷರ ಅನಿಸುತ್ತೆ.

ಇದು ಕೃತಿಚೌರ್ಯ ಅಲ್ವಾ ಅಂತ ಕೇಳಬಹುದು. ಶೆಲ್ಬಿಯೇ ಇದನ್ನು ಕೋರ್ಟಿಗೆ ಒಯ್ದಿದ್ದ. 2002ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟು ಸೂಪರ್‌ಫಾರ್ಮೆನ್ಸ್ ಮೊಕದ್ದಮೆಯಲ್ಲಿ ಅವನ ವಾದ ಒಪ್ಪಲಿಲ್ಲ: ದಶಕಗಳಿಂದ ಅಷ್ಟೊಂದು ಮಂದಿ ಅದೇ ಆಕಾರ ಮಾಡಿ ಮಾರಿದ ಮೇಲೆ, ಆ ಆಕಾರ ಒಬ್ಬನೇ ತಯಾರಕನ ಗುರುತಾಗಿ ಉಳಿದಿಲ್ಲ ಅಂತ. ಮುಂದೆ ಸೂಪರ್‌ಫಾರ್ಮೆನ್ಸ್ ಶೆಲ್ಬಿಯಿಂದಲೇ ಲೈಸೆನ್ಸ್ ಪಡೆಯಿತು. ಫೆರಾರಿ ವಿಷಯದಲ್ಲಿ ಗಾಳಿ ಬೇರೆ ಕಡೆ ಬೀಸಿತು. 2019ರಲ್ಲಿ ಇಟಲಿಯ ಬೊಲೋನ್ಯಾದ ನ್ಯಾಯಾಲಯ 250 ಜಿಟಿಓವನ್ನು ಕಲಾಕೃತಿ ಅಂತಲೇ ಪರಿಗಣಿಸಿ ರಕ್ಷಣೆ ಕೊಟ್ಟಿತು. ನಮ್ಮ ಒಲವು ಮೊದಲ ತೀರ್ಪಿನ ಕಡೆಗೆ. ಹೆಸರು, ಲಾಂಛನ ಕದಿಯಬಾರದು, ಅದು ಸರಿ. ಆದರೆ ಬಾಗಿದ ತಗಡಿನ ಒಂದು ಗೆರೆಗೆ ಅರವತ್ತು ವರ್ಷ ಆದ ಮೇಲೂ ಕಾವಲು ಬೇಕಾ? ನೋಡಿ ಕಟ್ಟುವುದರಲ್ಲೂ ಎರಡು ಬಗೆ. ಪಕ್ಕದವನ ಲ್ಯಾಬ್ ರೆಕಾರ್ಡನ್ನು ಅವನ ತಪ್ಪುಗಳ ಸಮೇತ ಇಳಿಸಿಕೊಳ್ಳುವುದು ಒಂದು. ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ಅದೇ ರೀಡಿಂಗ್ ತರುವುದು ಇನ್ನೊಂದು. ಕೋಬ್ರಾ ಕಟ್ಟಿದವನು ಎರಡನೆಯ ಜಾತಿ.

ಇಷ್ಟೆಲ್ಲಾ ನಮಗ್ಯಾಕೆ ಅಂದರೆ, ಈ ದಾರಿ ನಮ್ಮಲ್ಲಿ ಮುಚ್ಚಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಸ ಮಾದರಿಯ ಗಾಡಿ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಲಕ್ಷ ಕಾರು ಮಾರುವ ಕಂಪನಿಗೆ ಅದರ ಖರ್ಚು ಲೆಕ್ಕಕ್ಕಿಲ್ಲ. ಒಂದೇ ಕಾರು ಕಟ್ಟಿದವನಿಗೆ ಕಾರಿನ ಬೆಲೆಗಿಂತ ಪರೀಕ್ಷೆಯೇ ಭಾರ. ಕಾಯ್ದೆಯ 52ನೇ ಕಲಮು, ಇರುವ ಕಾರನ್ನೂ ಮನಬಂದಂತೆ ಬದಲಿಸಲು ಬಿಡಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಮಾತ್ರ.

ಬೇರೆಯವರು ಇದನ್ನು ಬಗೆಹರಿಸಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದೇ ಕಾರನ್ನು ಸರ್ಕಾರಿ ಇನ್‌ಸ್ಪೆಕ್ಟರ್ ಪರೀಕ್ಷಿಸುವ ವ್ಯವಸ್ಥೆ ಇದೆ. ಬ್ರೇಕು, ದೀಪ, ಸೀಟ್ ಬೆಲ್ಟಿನ ಆಧಾರ, ಡ್ಯಾಶ್‌ಬೋರ್ಡಿನ ಅಂಚು ಎಷ್ಟು ದುಂಡಗಿರಬೇಕು ಅನ್ನೋದೂ ಸೇರಿ. ಅಮೆರಿಕದ 2015ರ ಕಾನೂನು ಸಣ್ಣ ತಯಾರಕರಿಗೆ ವರ್ಷಕ್ಕೆ 325 ರೆಪ್ಲಿಕಾ ಮಾರಲು ಅವಕಾಶ ಕೊಟ್ಟಿತು, ಅದರ ನಿಯಮ ಅಂತಿಮವಾಗಿದ್ದು ವರ್ಷಗಳ ನಂತರ.

"ನಮ್ಮ ರಸ್ತೆಗೆ ಇದೆಲ್ಲಾ ಬಿಟ್ಟರೆ ಜನ ಸಾಯ್ತಾರೆ" ಅನ್ನುವ ಮಾತನ್ನು ನಾವು ತಳ್ಳಿಹಾಕಲ್ಲ. ಮೇಲೆ ಹೇಳಿದ ಬಂಪ್ ಸ್ಟಿಯರ್ ಕಾರು ನಮ್ಮೂರ ಹೈವೇಗೆ ಬಂದರೆ ಅಂತ ನಮಗೂ ಭಯ. ಅದಕ್ಕೇ ಪರೀಕ್ಷೆ ಬೇಕು ಅನ್ನೋದು, ಬಾಗಿಲೇ ಇಲ್ಲದ ಗೋಡೆ ಅಲ್ಲ. ಫಾರ್ಮುಲಾ ಭಾರತ್, ಬಾಹಾಗೆ ಹೋಗುವ ನಮ್ಮ ಹುಡುಗರು ಟ್ಯೂಬ್ ಬಗ್ಗಿಸಿ ಚಾಸಿಸ್ ಕಟ್ತಾರೆ, ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗುವ ಬ್ರೇಕ್ ಪರೀಕ್ಷೆ ಪಾಸು ಮಾಡ್ತಾರೆ, ನಿಯಮಪುಸ್ತಕದ ಒಂದೊಂದು ಸಾಲಿಗೂ ಉತ್ತರ ಕೊಡ್ತಾರೆ. ಸ್ಪರ್ಧೆ ಮುಗಿದ ಮೇಲೆ ಆ ಕಾರು ವರ್ಕ್‌ಶಾಪಿನ ಹಿಂದೆ ಟಾರ್ಪಾಲು ಹೊದ್ದು ಮಲಗುತ್ತೆ. ಕಟ್ಟಿದವರು ಪ್ಲೇಸ್‌ಮೆಂಟಿಗೆ ಕೋಡಿಂಗ್ ಓದಲು ಕೂರ್ತಾರೆ. ವರ್ಷಕ್ಕೆ 325 ಬೇಡ, ಇಡೀ ರಾಜ್ಯಕ್ಕೆ ಇಪ್ಪತ್ತೈದು ಕಾರು ಸಾಕು. ವೇಗದ ಮಿತಿ ಹಾಕಲಿ, ನಂಬರ್ ಪ್ಲೇಟಿನ ಮೇಲೆ ಇದು ಕೈಯಲ್ಲಿ ಕಟ್ಟಿದ್ದು ಅಂತ ದಪ್ಪಕ್ಷರದಲ್ಲಿ ಬರೆಯಲಿ, ವರ್ಷವರ್ಷ ಎತ್ತಿ ಹೊಟ್ಟೆ ನೋಡಲಿ. ವೆಲ್ಡಿಂಗ್ ನೋಡಲು ಟಾರ್ಚ್ ಹಿಡಿಯುವ ಕೆಲಸಕ್ಕೆ ಬೇಕಾದರೆ ನಾವೇ ಬರ್ತೀವಿ.