ಹೊಸ ವರ್ಷಕ್ಕೊಂದು ಲೆಕ್ಕದ ಪುಸ್ತಕ

ಹಿಜರಿ 1446 ಮುಗಿಯಿತು. ಮುಹರ್ರಂ ತಿಂಗಳ ಚಂದ್ರ ಕಂಡು 1447 ಬಂದಿದೆ. ನಮ್ಮ ಕರಾವಳಿಯಲ್ಲಿ ಈ ಹೊಸ ವರ್ಷ ಸದ್ದಿಲ್ಲದೆ ಬರುತ್ತದೆ. ಪಟಾಕಿ ಇಲ್ಲ, ಕೇಕ್ ಇಲ್ಲ. ಹೊರಗೆ ಜಡಿಮಳೆ. ಮದ್ರಸಕ್ಕೆ ಹೋಗುವ ಮಕ್ಕಳ ಕಿತಾಬು ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿಕೊಡುವ ಗಡಿಬಿಡಿಯಲ್ಲಿ ವರ್ಷ ಬದಲಾದದ್ದೇ ಎಷ್ಟೋ ಮನೆಗಳಿಗೆ ಗೊತ್ತಾಗುವುದಿಲ್ಲ. ಜುಮುಅ ದಿನ ಖತೀಬರು ಹೇಳಿದಾಗ, "ಓ, ಒಂದು ವರ್ಷ ಆಯ್ತಾ?" ಎಂದು ಪಕ್ಕದವರ ಮುಖ ನೋಡುತ್ತೇವೆ.

ಕಳೆದ ಮುಹರ್ರಂನಲ್ಲಿ ನಾವೂ ಮೂರು ತೀರ್ಮಾನ ಮಾಡಿದ್ದೆವು. ಸುಬ್‌ಹಿ ನಮಾಝನ್ನು ಜಮಾಅತ್ ತಪ್ಪಿಸದೆ ಪಳ್ಳಿಯಲ್ಲೇ ಮಾಡುವುದು. ದಿನಕ್ಕೆ ಒಂದು ಪುಟವಾದರೂ ಕುರ್‌ಆನ್ ಅರ್ಥ ಸಹಿತ ಓದುವುದು. ಸಕ್ಕರೆ ಕಾಯಿಲೆ ಹತ್ತಿರ ಬರುತ್ತಿದೆ ಎಂದು ಡಾಕ್ಟರ್ ಹೇಳಿದ್ದರಿಂದ ಸಂಜೆ ನಡೆಯುವುದು. ನಡಿಗೆ ಮಳೆಯ ನೆಪದಲ್ಲಿ ಎರಡೇ ವಾರಕ್ಕೆ ನಿಂತಿತು. ಸುಬ್‌ಹಿ ರಮಝಾನ್‌ನಲ್ಲಿ ಚುರುಕಾಗಿ ಶವ್ವಾಲ್‌ನಲ್ಲಿ ಪುನಃ ಮಂಕಾಯಿತು. ಓದು ಮಾತ್ರ ಅಲ್ಲಿಂದಿಲ್ಲಿಗೆ ಎಳೆದುಕೊಂಡು ಹೇಗೋ ನಡೆದಿದೆ. ಇದು ಎಲ್ಲರ ಮನೆಯ ಕತೆ. ಆದರೆ ವರ್ಷವನ್ನು ತಿರುಗಿ ನೋಡುವಾಗ ನಮ್ಮನ್ನು ಚುಚ್ಚುವುದು ಈ ಮೂರೂ ಅಲ್ಲ. ಆ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ.

ರಜಬ್ ತಿಂಗಳಲ್ಲಿ ನಮ್ಮ ಜಮಾಅತ್‌ನ ಒಬ್ಬ ಹಿರಿಯರು ತೀರಿಹೋದರು. ಸಣ್ಣ ಜಿನಸಿನ ಅಂಗಡಿ ಇಟ್ಟುಕೊಂಡಿದ್ದವರು, ಊರಿಗೆಲ್ಲ ಕಾಕ. ಮಯ್ಯಿತ್ ನಮಾಝ್‌ಗೆ ಸಫ್ಫ್ ನಿಂತಾಗ ಅವರ ಹಿರಿಮಗ ಮುಂದೆ ಬಂದು ವಾಡಿಕೆಯಂತೆ ಹೇಳಿದ: "ಬಾಪನಿಂದ ಯಾರಿಗಾದ್ರೂ ಹಣ ಬರ್ಲಿಕ್ಕಿದ್ರೆ ನಮಗೆ ತಿಳಿಸಿ, ನಾವು ಕೊಡ್ತೇವೆ. ಅವರ ಮಾತಿನಿಂದ ಯಾರಿಗಾದ್ರೂ ಬೇಜಾರಾಗಿದ್ರೆ ಪೊರುತ್ತ ಕೊಡಿ." ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ನಾವೂ ನಿಂತಿದ್ದೆವು. ಕಾಕನಿಂದ ನಮಗೆ ಒಂದು ರೂಪಾಯಿ ಬರಲಿಕ್ಕಿರಲಿಲ್ಲ. ನಮ್ಮಿಂದ ಅವರಿಗೆ ಹನ್ನೆರಡು ಸಾವಿರ ಹೋಗಲಿಕ್ಕಿತ್ತು.

ನಾಲ್ಕು ವರ್ಷದ ಹಿಂದೆ ಮಗಳ ಕಾಲೇಜು ಸೇರ್ಪಡೆಯ ಹೊತ್ತಿಗೆ ತೆಗೆದುಕೊಂಡ ಹಣ ಅದು. "ಬರುವ ತಿಂಗಳು ಕೊಡ್ತೇನೆ ಕಾಕ" ಎಂದಿದ್ದೆವು. ಅವರು ಗಲ್ಲಾಪೆಟ್ಟಿಗೆಯಿಂದ ಎಣಿಸಿ ಕೊಟ್ಟರು, ಚೀಟಿ ಬರೆಯಲಿಲ್ಲ. ಬರುವ ತಿಂಗಳು ಬಂತು, ಹೋಯಿತು. ಒಮ್ಮೆ ಮನೆಯ ಮಾಡು ಸೋರಿತು, ಮತ್ತೊಮ್ಮೆ ನೆಂಟರ ಮದುವೆ ಬಂತು. ಆಮೇಲೆ ನಾಚಿಕೆ ಶುರುವಾಯಿತು. ನಾಚಿಕೆಯಿಂದ ಅವರ ಅಂಗಡಿಯ ಎದುರು ಹೋಗುವುದನ್ನೇ ಕಡಿಮೆ ಮಾಡಿದೆವು. ಅವರು ಕೊನೆಯ ಎರಡು ತಿಂಗಳು ಮಲಗಿದಲ್ಲೇ ಇದ್ದರು ಎಂಬುದು ನಮಗೆ ತಿಳಿದದ್ದು ಮಯ್ಯಿತ್ ಮನೆಯಲ್ಲಿ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವ ಕರ್ತವ್ಯವನ್ನೂ ಆ ಹನ್ನೆರಡು ಸಾವಿರ ನುಂಗಿತ್ತು.

ವಾರ ಕಳೆದು ಹಣ ಹೊಂದಿಸಿಕೊಂಡು ಅವರ ಮನೆಗೆ ಹೋದೆವು. ಮಗ ಅಂಗಡಿಯ ಖಾತೆ ಪುಸ್ತಕ ತೆಗೆದು ಹುಡುಕಿದ. ನಮ್ಮ ಹೆಸರು ಎಲ್ಲೂ ಇರಲಿಲ್ಲ. ಅಕ್ಕಿ, ಬೆಲ್ಲದ ಉದ್ರಿ ಬರೆದಿದ್ದ ಕಾಕ ಕೈಸಾಲವನ್ನು ಬರೆದೇ ಇರಲಿಲ್ಲ. ಇದ್ದತ್‌ನಲ್ಲಿದ್ದ ಅವನ ಉಮ್ಮ ಒಳಗಿನಿಂದಲೇ ಮಗನ ಹತ್ತಿರ ಒಂದು ಮಾತು ಕೇಳಿಸಿದರು: "ಹೀಗೆ ಇನ್ನು ಬೇರೆ ಯಾರಿಗಾದ್ರೂ ಕೊಟ್ಟದ್ದು ಅವರಿಗೆ ಗೊತ್ತುಂಟಾ ಕೇಳು." ನಮಗೆ ಗೊತ್ತಿರಲಿಲ್ಲ. ಕಿರಿಯ ಮಗನ ಫೀಸು ಕಟ್ಟಲು ಆ ಮನೆಯಲ್ಲಿ ಕಷ್ಟ ಇತ್ತು ಎಂಬುದು ಮಾತ್ರ ಅಲ್ಲಿ ಕೂತಾಗ ಗೊತ್ತಾಯಿತು.

ಅಂದಿನಿಂದ ಈ ವಿಷಯ ತಲೆಯಿಂದ ಹೋಗಿಲ್ಲ. ಆದ್ದರಿಂದ ಈ ಮುಹರ್ರಂನಲ್ಲಿ ನಮ್ಮದು ಒಂದೇ ತೀರ್ಮಾನ. ಅದನ್ನು ಓದುಗರ ಮುಂದೆಯೂ ಇಡುತ್ತಿದ್ದೇವೆ.

ಹಿಜರಿ ವರ್ಷ ಎಂದರೆ ಹಿಜ್ರಾದ ನೆನಪು. ಉಮರ್(ರ) ಖಲೀಫರಾಗಿದ್ದಾಗ, ಪ್ರವಾದಿ(ಸ) ಮಕ್ಕಾದಿಂದ ಮದೀನಾಕ್ಕೆ ಹೊರಟ ವರ್ಷವನ್ನು ಮೊದಲನೆಯದಾಗಿಟ್ಟು ಎಣಿಕೆ ಶುರು ಮಾಡಲಾಯಿತು. ಮುಹರ್ರಂ ಮೊದಲ ತಿಂಗಳಾಯಿತು. ಆ ಪ್ರಯಾಣದ ಕತೆ ನಮ್ಮ ಮಕ್ಕಳಿಗೂ ಗೊತ್ತು: ಸೌರ್ ಗುಹೆ, ಅಬೂಬಕರ್(ರ) ಜೊತೆಗಿದ್ದದ್ದು, ಹಾಸಿಗೆಯಲ್ಲಿ ಅಲಿ(ರ) ಮಲಗಿದ್ದು. ಆದರೆ ಅಲಿಯವರನ್ನು ಮಕ್ಕಾದಲ್ಲಿ ಬಿಟ್ಟುಹೋಗಲು ಇನ್ನೊಂದು ಕಾರಣವೂ ಇತ್ತು. ಮಕ್ಕಾದ ಜನ ತಮ್ಮ ಬೆಲೆಬಾಳುವ ವಸ್ತುಗಳನ್ನು ಪ್ರವಾದಿಯವರ ಬಳಿ ಅಮಾನತ್ ಇಟ್ಟಿದ್ದರು. ಅವನ್ನೆಲ್ಲ ಒಬ್ಬೊಬ್ಬರಿಗೂ ಮರಳಿಸಿ ಬರಬೇಕೆಂದು ಅಲಿಯವರಿಗೆ ವಹಿಸಲಾಗಿತ್ತು. ಕೊಲ್ಲಲು ಬಂದ ಊರಿನ ಸೊತ್ತನ್ನೂ ಮುಟ್ಟಿಸಿಯೇ ಹೋಗಬೇಕು ಎಂಬ ಲೆಕ್ಕ ಅದು. ಹಿಜರಿ ವರ್ಷ ಬದಲಾಗುವಾಗ ನಮ್ಮ ಕೈಯಲ್ಲಿರುವ ಬೇರೆಯವರ ಸೊತ್ತಿನ ನೆನಪಾಗದಿದ್ದರೆ ಕ್ಯಾಲೆಂಡರ್ ಬದಲಾಯಿಸಿ ಏನು ಪ್ರಯೋಜನ?

ನಮ್ಮದು ವ್ಯಾಪಾರದ ಸಮುದಾಯ. ತುಳುವಿನ 'ಬ್ಯಾರ'ದಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ಹೇಳುವುದುಂಟು. ಬಂದರಿನ ಅಂಗಡಿಗಳಲ್ಲಿ ರೋಕಡಿ ಪುಸ್ತಕ ಬರೆಯದೆ ಬಾಗಿಲು ಹಾಕಿದ ಹಿರಿಯರಿಲ್ಲ. ದಕ್ಕೆಯಲ್ಲಿ ಮೀನಿನ ಲೆಕ್ಕ, ಪುತ್ತೂರಿನಲ್ಲಿ ಅಡಿಕೆಯ ಲೆಕ್ಕ, ಎಲ್ಲವೂ ಕರಾರುವಾಕ್ಕು. ಆದರೆ ಅಂಗಡಿಯಿಂದ ಮನೆಗೆ ಬಂದ ಕೂಡಲೇ ಲೆಕ್ಕ ನಿಲ್ಲುತ್ತದೆ. ತಮ್ಮನಿಗೆ ಕೊಟ್ಟದ್ದು, ಭಾವನಿಂದ ತಂದದ್ದು, ವೀಸಾ ಖರ್ಚಿಗೆ ಹೆಂಡತಿಯ ಬಳೆ ಅಡವಿಟ್ಟದ್ದು, ಅಂಗಡಿ ಹಾಕುವಾಗ ತಂಗಿಯ ಸರ ಮಾರಿದ್ದು. ಬರೆಯೋಣ ಎಂದರೆ "ನಮ್ಮೊಳಗೆ ಎಂತ ಬರೆಯುವುದು ಮಾರಾಯ್ರೆ, ನಂಬಿಕೆ ಇಲ್ವಾ?" ಎನ್ನುತ್ತೇವೆ. ಕುರ್‌ಆನ್‌ನ ಅತಿ ಉದ್ದದ ಆಯತ್ ಯಾವುದರ ಕುರಿತು ಎಂದು ಮದ್ರಸದ ಮಕ್ಕಳನ್ನು ಕೇಳಿ. ಸೂರಃ ಬಕರದ 282ನೆಯ ಆಯತ್. ಸಾಲವನ್ನು ಬರೆದಿಡುವುದು ಹೇಗೆ, ಸಾಕ್ಷಿ ಯಾರು ಎಂಬುದೇ ಅದರ ವಿಷಯ. ಮೊತ್ತ ಸಣ್ಣದಾದರೂ ಬರೆಯಲು ಬೇಸರ ಪಡಬಾರದು ಎಂದು ಅಲ್ಲಿ ಹೇಳಿದೆ. ಬರೆಯುವುದು ನಂಬಿಕೆ ಇಲ್ಲದ್ದರಿಂದಲ್ಲ. ಮನುಷ್ಯನಿಗೆ ಮರೆವು ಉಂಟು, ಮರಣವೂ ಉಂಟು.

ಸಾಲ ಉಳಿಸಿ ಹೋದವರ ಮಯ್ಯಿತ್ ಬಂದಾಗ ಪ್ರವಾದಿ(ಸ) ನಮಾಝ್‌ಗೆ ನೇತೃತ್ವ ಕೊಡಲು ಹಿಂಜರಿದದ್ದು, ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಖತಾದ(ರ) ಮುಂದೆ ಬಂದ ಮೇಲೆ ನಮಾಝ್ ಮಾಡಿದ್ದು ನಾವು ವಅಳ್‌ಗಳಲ್ಲಿ ಕೇಳಿದ್ದೇವೆ. ಶಹೀದನಿಗೂ ಸಾಲದಲ್ಲಿ ರಿಯಾಯಿತಿ ಇಲ್ಲ ಎಂದೂ ಕೇಳಿದ್ದೇವೆ. ಕೇಳಿ, ಪಳ್ಳಿಯ ಮೆಟ್ಟಿಲಿಳಿಯುವಾಗ ಮರೆಯುತ್ತೇವೆ. ದೇಶದ ಕಾಯ್ದೆಯಲ್ಲಿ ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು ಉಂಟು. ದೀನ್‌ನಲ್ಲಿ ಸಾಲಕ್ಕೆ ಗಡುವು ಮೀರುವುದೆಂಬುದಿಲ್ಲ.

ಹಾಗಾಗಿ ನಮ್ಮ ತೀರ್ಮಾನ ಇಷ್ಟು: ಈ ತಿಂಗಳ ಹತ್ತಕ್ಕೆ ಆಶೂರಾ. ಅದರೊಳಗೆ ಮನೆಯ ಪ್ರತಿ ದೊಡ್ಡವರೂ ಒಂದೊಂದು ನೋಟ್ ಪುಸ್ತಕ ತೆಗೆದುಕೊಂಡು ಕೂತು ಬರೆಯುವುದು. ಇಪ್ಪತ್ತು ರೂಪಾಯಿಯ ಪುಸ್ತಕ ಸಾಕು.

ಮೊದಲ ಪುಟದಲ್ಲಿ ನಾವು ಕೊಡಬೇಕಾದದ್ದು. ಬ್ಯಾಂಕಿನದ್ದು ಹೇಗೂ ಬ್ಯಾಂಕಿನವರು ಬರೆದಿರುತ್ತಾರೆ. ಕೈಸಾಲ, ಅಂಗಡಿಯ ಉದ್ರಿ, ಕೆಲಸದವರ ಬಾಕಿ ಮಜೂರಿ, ಇನ್ನೂ ಕೊಡದ ಮಹ್ರ್, ಅಡವಿಟ್ಟ ಹೆಂಡತಿಯ ಚಿನ್ನ. ಚಿನ್ನವಾದರೆ ಎಷ್ಟು ಗ್ರಾಂ ಎಂದು ಬರೆಯಿರಿ. ಅಂದಿನ ಬೆಲೆಯ ರೂಪಾಯಿ ಹಿಡಿದು ಇಂದು ಕೊಡುತ್ತೇನೆಂದರೆ ಎಷ್ಟು ಅನ್ಯಾಯ ಎಂದು ಚಿನ್ನದಂಗಡಿಗೆ ಹೋದವರಿಗೆಲ್ಲ ಗೊತ್ತು.

ಎರಡನೆಯ ಪುಟದಲ್ಲಿ ನಮಗೆ ಬರಬೇಕಾದದ್ದು. ಕೊಡಲು ಆಗದವರ ಹೆಸರು ಅಲ್ಲಿದ್ದರೆ ಸಮಯ ಕೊಡಿ. ಆಗುವುದೇ ಇಲ್ಲ ಎಂದು ಕಂಡರೆ, ಶಕ್ತಿ ಇದ್ದವರು ಬಿಟ್ಟುಬಿಡಿ. ಬಿಟ್ಟದ್ದನ್ನು ಅವರಿಗೂ ತಿಳಿಸಿ. ನಿಮ್ಮ ಅಂಗಡಿಯ ಎದುರು ತಲೆ ತಗ್ಗಿಸಿ ಹೋಗುವುದು ಅವರಿಗೆ ತಪ್ಪಲಿ.

ಮೂರನೆಯದು ಅಮಾನತ್. ಪಳ್ಳಿಯ, ಸಂಘದ ಹಣ ಕೈಯಲ್ಲಿದ್ದರೆ ಅದು. ಗಲ್ಫ್‌ನಲ್ಲಿರುವ ಗೆಳೆಯ ಮನೆ ಕಟ್ಟಲು ಕಳಿಸಿದ ಹಣ. ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕತಂಗಿಯರ ಪಾಲು. ಬಾಪ ತೀರಿ ಹತ್ತು ವರ್ಷವಾದರೂ ಹಿತ್ತಿಲು ಅಣ್ಣಂದಿರ ಕೈಯಲ್ಲೇ ಇರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. "ಅವಳು ಕೇಳಿಲ್ಲ", "ಮದುವೆಗೆ ಅಷ್ಟು ಚಿನ್ನ ಹಾಕಿದ್ದೇವಲ್ಲ" ಎನ್ನುತ್ತಾರೆ. ಮದುವೆಯ ಚಿನ್ನ ಬೇರೆ, ಮೀರಾಸ್ ಬೇರೆ. ಬಾಪ ಕಣ್ಣು ಮುಚ್ಚಿದ ಗಳಿಗೆಯಿಂದಲೇ ಅವಳ ಪಾಲು ಅವಳದ್ದು. ತವರಿಗೆ ಬರುವ ದಾರಿ ಮುಚ್ಚೀತು ಎಂಬ ಹೆದರಿಕೆಯಿಂದ ಬಾಯಿ ಮುಚ್ಚಿದ ತಂಗಿಯ ಮೌನವನ್ನು ಪೊರುತ್ತ ಎಂದು ಲೆಕ್ಕ ಹಾಕಬೇಡಿ.

ನಾಲ್ಕನೆಯದು ಅಲ್ಲಾಹನ ಹಕ್ಕು. ಕಳಾ ಆದ ನೋಂಬು ಎಷ್ಟು, ಝಕಾತಿನ ದಿನ ಯಾವುದು. ಚಾಂದ್ರ ವರ್ಷಕ್ಕೆ 354 ಅಥವಾ 355 ದಿನ. ಝಕಾತಿನ ವರ್ಷ ಇದುವೇ. ಜನವರಿ, ಡಿಸೆಂಬರ್ ಹಿಡಿದು ಲೆಕ್ಕ ಹಾಕುವವರಿಗೆ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಬೀಳುತ್ತದೆ. ಸುಮಾರು 33 ವರ್ಷದಲ್ಲಿ ಒಂದಿಡೀ ವರ್ಷದ ಝಕಾತ್ ಬಾಕಿಯಾಗುತ್ತದೆ.

ಕೊನೆಯ ಪುಟ ವಸಿಯ್ಯತ್. ಮರಣಿಸಿದವರ ಸೊತ್ತಿನಿಂದ ಮೊದಲು ದಫನದ ಖರ್ಚು, ಮತ್ತೆ ಸಾಲ, ಮತ್ತೆ ವಸಿಯ್ಯತ್, ಆಮೇಲೆ ವಾರೀಸುದಾರರ ಪಾಲು. ವಸಿಯ್ಯತ್ ಮೂರರಲ್ಲಿ ಒಂದು ಭಾಗ ಮೀರಬಾರದು. ವಾರೀಸುದಾರರಲ್ಲಿ ಒಬ್ಬರಿಗೆ ಬರೆದರೆ ಉಳಿದವರ ಒಪ್ಪಿಗೆ ಬೇಕು. ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಬ್ಯಾಂಕ್ ಖಾತೆ, ವಿಮೆ ಎಲ್ಲಿದೆ ಎಂಬುದನ್ನೂ ಇಲ್ಲೇ ಬರೆಯಿರಿ. ಬ್ಯಾಂಕ್ ಖಾತೆಯ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಅಷ್ಟೇ, ಹಣ ಎಲ್ಲ ವಾರೀಸುದಾರರದ್ದು ಎಂದು ಮನೆಯವರಿಗೆ ತಿಳಿಸಿರಿ. 10 ವರ್ಷ ಯಾರೂ ಕೇಳದೆ ಉಳಿದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ. ಹಾಗೆ ಉಳಿದದ್ದನ್ನು ಹುಡುಕಲು 2023ರಿಂದ ರಿಸರ್ವ್ ಬ್ಯಾಂಕಿನ 'ಉದ್ಗಮ್' ಎಂಬ ಜಾಲತಾಣ ಉಂಟು. ವಾರೀಸುದಾರರು ಅಲ್ಲಿಂದ ಪತ್ತೆ ಮಾಡಿ ಕೇಳಿ ಪಡೆಯಬಹುದು. ಆದರೆ ಮನೆಯವರಿಗೆ ಮೊದಲೇ ಗೊತ್ತಿದ್ದರೆ ಅಷ್ಟು ಅಲೆಯಬೇಕಾಗಿಲ್ಲ.

ದುಬೈ, ದಮ್ಮಾಮ್, ಮಸ್ಕತ್‌ನಲ್ಲಿ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ರೂಮಿನಲ್ಲಿದ್ದವರಿಂದ ಪಡೆದದ್ದು, ಅವರಿಗೆ ಕೊಟ್ಟದ್ದು, ಎಲ್ಲ ಮೊಬೈಲ್‌ನೊಳಗೆ. ಏನಾದರೂ ಹೆಚ್ಚುಕಡಿಮೆಯಾದರೆ ಊರಿನಲ್ಲಿರುವ ಹೆಂಡತಿಗೆ ಆ ಮೊಬೈಲ್‌ನ ಬೀಗ ತೆಗೆಯುವುದು ಹೇಗೆಂದೂ ಗೊತ್ತಿರುವುದಿಲ್ಲ. ರಜೆಯಲ್ಲಿ ಬಂದಾಗ ಒಂದು ಸಂಜೆ ಅವಳ ಜೊತೆ ಕೂತು ಬರೆಯಿರಿ. ಹೆಂಗಸರೂ ತಮ್ಮದೇ ಪುಸ್ತಕ ಇಡಬೇಕು. ನೆಂಟರ ಮದುವೆಗೆ ಹಾಕಿಕೊಳ್ಳಲು ಕೊಟ್ಟ ಸರ, ಚಿಟ್ಟಿಯ ಹಣ, ನೆರೆಮನೆಯಿಂದ ತಂದದ್ದು, ಎಲ್ಲವೂ ಅವರಿಗೆ ಮಾತ್ರ ಗೊತ್ತಿರುವ ಲೆಕ್ಕ.

ಪುಸ್ತಕ ಎಲ್ಲಿದೆ ಎಂದು ಮನೆಯ ಇಬ್ಬರಿಗಾದರೂ ಹೇಳಿಡಿ. ಕಪಾಟಿನ ತಳದಲ್ಲಿ ಯಾರಿಗೂ ಗೊತ್ತಿಲ್ಲದೆ ಇಟ್ಟರೆ ಬರೆದದ್ದೂ ಬರೆಯದ್ದೂ ಒಂದೇ.

ಜಮಾಅತ್ ಕಮಿಟಿಗಳಲ್ಲಿ ನಮ್ಮದು ಒಂದು ವಿನಂತಿ ಉಂಟು. ಮಯ್ಯಿತ್ ನಮಾಝ್‌ನ ಮುಂಚೆ ಮನೆಯವರು ಹೇಳುವ ಮಾತಿಗೆ ಇನ್ನೊಂದು ವಾಕ್ಯ ಸೇರಿಸೋಣ. ಅವರಿಂದ ಬರಬೇಕಾದವರು ತಿಳಿಸಿ ಎನ್ನುವ ಜೊತೆಗೆ, ಅವರಿಗೆ ಕೊಡಬೇಕಾದವರೂ ತಿಳಿಸಿ ಎಂದು ಖತೀಬರೇ ಹೇಳಲಿ. ಮನೆಯವರಿಗೆ ಅದನ್ನು ಹೇಳಲು ಮುಜುಗರ. ಪಳ್ಳಿಯ ಬಾಯಿಯಿಂದ ಬಂದರೆ ಸಫ್ಫ್‌ನಲ್ಲಿ ತಲೆ ತಗ್ಗಿಸಿ ನಿಂತವರಲ್ಲಿ ಒಬ್ಬರಾದರೂ ಆ ವಾರ ಆ ಮನೆಯ ಬಾಗಿಲು ತಟ್ಟಿಯಾರು. ಯತೀಮ್ ಮಕ್ಕಳ ಹಣ ಅದು.

ಹಜ್ಜ್‌ಗೆ ಹೊರಡುವ ಮೊದಲು ನಮ್ಮವರು ಮನೆ ಮನೆಗೆ ಹೋಗಿ ಪೊರುತ್ತ ಕೇಳುತ್ತಾರೆ, ಸಾಲ ತೀರಿಸುತ್ತಾರೆ. ಒಳ್ಳೆಯ ಕ್ರಮ. ಆದರೆ ಹಜ್ಜ್‌ನ ವಿಮಾನಕ್ಕೆ ತಾರೀಕು ಉಂಟು, ಇನ್ನೊಂದು ಪ್ರಯಾಣಕ್ಕೆ ತಾರೀಕು ಇಲ್ಲ. ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ರಿ" ಎಂದು ಬರೆದಿರುತ್ತದಲ್ಲ, ಆ ನಾಳೆ ಯಾವತ್ತೂ ಬರುವುದಿಲ್ಲ. ನಾವು ಕಾಕನಿಗೆ ಹೇಳಿದ "ಬರುವ ತಿಂಗಳು" ಕೂಡ ಹಾಗೆಯೇ ಆಯಿತು.

ನಡಿಗೆ, ಸುಬ್‌ಹಿ, ಓದು, ಇವನ್ನೂ ಬಿಟ್ಟಿಲ್ಲ. ಪುನಃ ಶುರು ಮಾಡುತ್ತೇವೆ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಸದ್ಯಕ್ಕೆ ಐದು ಹೆಸರುಗಳಿವೆ. ಒಂದು ಹೆಸರಿನ ಎದುರು ಮೊತ್ತ ಎಷ್ಟೆಂದು ನೆನಪಿಲ್ಲ, ಅವರನ್ನೇ ಕೇಳಬೇಕು. ಈ ಭಾನುವಾರ ಅಲ್ಲಿಗೆ ಹೋಗುತ್ತೇವೆ.

ಕೊಟ್ಟು ಮುಗಿಸುವ ಶಕ್ತಿಯನ್ನೂ, ಕೊಡುವವರೆಗಿನ ಆಯುಸ್ಸನ್ನೂ ಅಲ್ಲಾಹು ನಮಗೆಲ್ಲ ಕರುಣಿಸಲಿ. ಆಮೀನ್.